ಮೇಘಶ್ರೀಯ ಬ್ಯಾಟರಿ ಸೈಕಲ್

ಜವಳಗಿರಿ ಕಡೆಯ ಕಾಡಂಚಿನ ಹಳ್ಳಿಗಳಿಗೆ ಮೇಘಶ್ರೀ ಸರ್ಕಾರಿ ನರ್ಸು. ಗುಮ್ಮಳಾಪುರದ ಮನೆಯಿಂದ ಬೆಳಿಗ್ಗೆ ಬ್ಯಾಟರಿ ಸೈಕಲ್ ಹತ್ತಿ ಹೊರಟರೆ ಕಾಡಿನ ನಡುವಿನ ತಾರು ರಸ್ತೆ ದಾಟಿ, ಬಸುರಿ ಬಾಣಂತಿಯರನ್ನು ನೋಡಿ, ಮಕ್ಕಳಿಗೆ ಲಸಿಕೆ ಹಾಕಿ, ಹೊತ್ತು ಇಳಿಯುವುದರೊಳಗೆ ವಾಪಸಾಗುತ್ತಿದ್ದಳು. ಸ್ಕೂಟರ್ ತೆಗೆದುಕೊಳ್ಳೋಣವೆಂದು ಗಂಡ ಭೈರೇಶ್ ಎಷ್ಟೋ ಸಲ ಹೇಳಿದ್ದ. ತುಳಿಯುತ್ತ ಹೋಗುವುದೇ ಅವಳಿಗೆ ಇಷ್ಟ. ಏರು ಬಂದಾಗ ಹಿಂದಿನಿಂದ ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದಂತೆ ಮೋಟರು ಸಹಾಯಕ್ಕೆ ಬರುತ್ತಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

ಆ ವರ್ಷ ರಾಗಿ ತೆನೆ ಕಟ್ಟುವ ಕಾಲಕ್ಕೆ ಅದೇ ರಸ್ತೆಯಲ್ಲಿ ಹಾಲಿನವನೊಬ್ಬನನ್ನು ಆನೆ ಅಟ್ಟಿಸಿಕೊಂಡು ಹೋಯಿತು. ಮೊಪೆಡ್ ಬಿಸಾಡಿ ಮರ ಹತ್ತಿ ಅವನು ಬದುಕಿದ. ಸುದ್ದಿ ಕೇಳಿದ ದಿನದಿಂದ ಭೈರೇಶನಿಗೆ ಸಮಾಧಾನವಿಲ್ಲ.

ಅವನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಮೆಷಿನ್‌ಗಳ ರಿಪೇರಿ ವಿಭಾಗದಲ್ಲಿದ್ದ. ವೈರು, ಸ್ವಿಚ್ಚುಗಳೊಂದಿಗೆ ದಿನವಿಡೀ ಒಡನಾಟ. ಒಂದು ಭಾನುವಾರ ಸೈಕಲ್ಲನ್ನು ಜಗಲಿಗೆ ತಂದು ತಲೆಕೆಳಗೆ ನಿಲ್ಲಿಸಿ ಬಿಚ್ಚತೊಡಗಿದ.

"ಚೆನ್ನಾಗಿರೋದನ್ನ ಯಾಕೆ ಬಿಚ್ತಾ ಇದ್ದೀರಾ?" ಎಂದಳು ಮೇಘಶ್ರೀ.

"ಆನೆ ಹಿಂದೆ ಬಿದ್ರೆ ನೀನು ಪೆಡಲ್ ತುಳೀತಾ ಕೂತಿರ್ತೀಯಾ? ಇದು ಇಪ್ಪತ್ತೈದಕ್ಕಿಂತ ಜಾಸ್ತಿ ಹೋಗೋಕಿಲ್ಲ. ಕಂಪನಿಯವರೇ ಹಂಗೆ ಕಟ್ಟಾಕವ್ರೆ. ಅದನ್ನ ಬಿಡಿಸ್ತೀನಿ. ತುಳಿಯೋದೂ ಬ್ಯಾಡ, ಹಿಡಿ ತಿರುಗಿಸಿದ್ರೆ ಸಾಕು, ಹಂಗೇ ಹಾರ್ಕೊಂಡು ಹೋಗ್ತದೆ."

ಮೋಟರಿಗೆ ಕರೆಂಟು ಅಳೆದು ಕೊಡುವ, ಆನ್‌ಲೈನಿನಲ್ಲಿ ತರಿಸಿದ ದೊಡ್ಡ ಕಂಟ್ರೋಲರನ್ನು ಹಳೆಯದರ ಜಾಗದಲ್ಲಿ ಕೂರಿಸಿದ. ಬಲಗೈಗೆ ಬೈಕಿನಂಥ ತಿರುಗಿಸುವ ಥ್ರಾಟಲ್ ಹಾಕಿದ. ತುಳಿಯುವುದನ್ನು ಗುರುತಿಸುವ, ಪೆಡಲಿನ ಹತ್ತಿರದ ಸೆನ್ಸರಿನ ವೈರು ಹೇಗೋ ಹೊಂದಿಕೊಂಡಿತು. ಬ್ರೇಕಿನ ವೈರು ಮಾತ್ರ ಹೊಂದಲಿಲ್ಲ. ಬ್ರೇಕ್ ಹಿಡಿದ ತಕ್ಷಣ ಮೋಟರಿಗೆ ಕರೆಂಟು ನಿಲ್ಲಿಸುವ ವೈರು ಅದು. ಹೊಸ ಕಂಟ್ರೋಲರಿನಲ್ಲಿ ಅದರ ಪಿನ್ನು ಬೇರೆ ಥರ ಇತ್ತು.

"ಇದು?" ನೇತಾಡುತ್ತಿದ್ದ ವೈರನ್ನು ಮೇಘಶ್ರೀ ತೋರಿಸಿದಳು.

"ಅದಿಲ್ದಿದ್ರೂ ನಡೀತದೆ. ಥ್ರಾಟಲ್ ಬಿಟ್ರೆ ಮೋಟರು ತಾನಾಗೇ ನಿಲ್ತದೆ," ಎಂದು ಅದನ್ನು ಮಡಚಿ, ಟೇಪು ಸುತ್ತಿ ಒಳಗೆ ತುರುಕಿದ.

ಮೊದಲ ವಾರ ಎಲ್ಲ ಚೆನ್ನಾಗಿಯೇ ಇತ್ತು. ಕಾಡು ರಸ್ತೆ ಎಷ್ಟು ಬೇಗ ಮುಗಿಯುತ್ತಿತ್ತೆಂದರೆ ಮೇಘಶ್ರೀಗೇ ಆಶ್ಚರ್ಯ. ಆದರೂ ಒಂದು ಸಣ್ಣ ಕಸಿವಿಸಿ. ತುಳಿಯುವುದನ್ನು ನಿಲ್ಲಿಸಿದ ಮೇಲೂ ಮೋಟರು ಒಂದೆರಡು ಗಳಿಗೆ ಎಳೆಯುತ್ತಿತ್ತು. ಹಗ್ಗ ಜಗ್ಗಿದರೂ ನಿಲ್ಲದ ಹೋರಿಯ ಹಾಗೆ. ಗಂಡನಿಗೆ ಹೇಳಿದಳು. "ಅಭ್ಯಾಸ ಆಗ್ತದೆ," ಅಂದ.

ಒಂದು ಮಧ್ಯಾಹ್ನ ಸೋನೆ ಹನಿಯುತ್ತಿತ್ತು. ಭೈರೇಶನ ತಾಯಿ ಚೆಲುವಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಸೈಕಲ್ಲು ಅಂಗಳದಲ್ಲಿ ಸ್ಟ್ಯಾಂಡಿನ ಮೇಲಿತ್ತು, ಕೀ ಆರಿಸುವುದು ಮರೆತುಹೋಗಿತ್ತು. ಹತ್ತಿರ ಯಾರೂ ಇರಲಿಲ್ಲ. ಇದ್ದಕ್ಕಿದ್ದಂತೆ ಹಿಂದಿನ ಚಕ್ರ ಗುಂಯ್ ಎಂದು ತಿರುಗತೊಡಗಿತು. ಮುದುಕಿ ನೋಡನೋಡುತ್ತಲೇ ಸೈಕಲ್ಲು ಅದುರಿ, ಸ್ಟ್ಯಾಂಡಿನಿಂದ ಜಾರಿ, ಕೋಳಿಗಳನ್ನು ಚದುರಿಸಿಕೊಂಡು ಹೋಗಿ ಹಿತ್ತಿಲ ಗೋಡೆಗೆ ಗುದ್ದಿತು. ಬಿದ್ದ ಮೇಲೂ ಚಕ್ರ ನಿಲ್ಲಲಿಲ್ಲ. ಮೇಘಶ್ರೀ ಓಡಿಬಂದು ಸೀಟಿನ ಕೆಳಗಿನ ಕೀ ತಿರುಗಿಸಿದ ಮೇಲೆಯೇ ಸದ್ದಡಗಿದ್ದು.

ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬಂದ ಮಗನನ್ನು ಚೆಲುವಮ್ಮ ಬಾಗಿಲಲ್ಲೇ ತಡೆದರು. "ಲೇ ಭೈರ, ಅದನ್ನ ಮೊದ್ಲಿದ್ದಂಗೆ ಮಾಡ್ಲಾ. ಸವಾರನಿಲ್ದೆ ಓಡೋ ಗಾಡಿ ಮನೇಲಿ ಇರಬಾರ್ದು."

"ಥ್ರಾಟಲ್ ವೈರಿಗೆ ನೀರು ಇಳ್ದೈತೆ ಕಣಮ್ಮ. ದೆವ್ವ ಗಿವ್ವ ಏನಿಲ್ಲ."

"ನಾನು ದೆವ್ವ ಅಂದ್ನಾ? ದೆವ್ವ ಆಗಿದ್ರೆ ಪೂಜಾರಪ್ಪನ್ನ ಕರೆಸ್ತಿದ್ದೆ. ಇದು ನಿನ್ ಕೈ ಕೆಲಸ. ನೀನೇ ಸರಿ ಮಾಡ್ಬೇಕು."

ಭೈರೇಶ್ ನಕ್ಕು ವೈರಿನ ಜೋಡಣೆಯನ್ನು ಒಣಗಿಸಿ, ಮತ್ತಷ್ಟು ಟೇಪು ಸುತ್ತಿದ. ಹಳೆಯ ಕಂಟ್ರೋಲರು ಅಟ್ಟದ ಮೇಲೆಯೇ ಇತ್ತು. ಅದನ್ನು ಇಳಿಸಲಿಲ್ಲ. ಮೇಘಶ್ರೀಯೂ ಒತ್ತಾಯ ಮಾಡಲಿಲ್ಲ. ತನಗಾಗಿಯೇ ಮಾಡಿದ್ದಲ್ಲವೇ ಎನ್ನುವುದು ಅವಳ ಬಾಯಿ ಕಟ್ಟಿತ್ತು.

ಅದಾದ ಮೇಲೆ ಬಂದ ಬುಧವಾರ ಬೆಳಿಗ್ಗೆ ದಟ್ಟ ಮಂಜು. ಲಸಿಕೆ ದಿನ. ತಣ್ಣನೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಮೇಘಶ್ರೀ ಹೊರಟಳು. ಕಾಡು ಶುರುವಾಗುವ ಕಡೆ ಅರಣ್ಯ ಇಲಾಖೆಯ ವಾಚರ್ ತಿಮ್ಮರಾಯಪ್ಪ ಕೈ ಅಡ್ಡ ಹಿಡಿದರು.

"ನರ್ಸಮ್ಮ, ಒಸಿ ತಡೀರಿ. ಆನೆ ಹಿಂಡು ಐತೆ. ಮರಿ ಇರೋ ತಾಯಿ."

ಅವಳು ಕಾದಳು. ಮಂಜಿನೊಳಗೆ ಎಲ್ಲೋ ಕೊಂಬೆ ಮುರಿದ ಸದ್ದು. ಆಮೇಲೆ ಅದೂ ಇಲ್ಲ. ಬಹಳ ಹೊತ್ತಿನ ಮೇಲೆ ಆಚೆಗಿದ್ದ ಇನ್ನೊಬ್ಬ ವಾಚರನಿಂದ ಫೋನು ಬಂತು. ಹಿಂಡು ಕೆರೆಯ ಕಡೆ ಇಳಿಯಿತಂತೆ.

"ಹೋಗಿ. ಮೆಲ್ಲಗೆ ಹೋಗಿ. ಈ ಗಾಡಿಗೆ ಸದ್ದಿಲ್ಲ, ನೀವು ಬರೋದು ಅವಕ್ಕೆ ಗೊತ್ತಾಗೋಕಿಲ್ಲ. ಬೆಲ್ ಹೊಡ್ಕೊಂಡು ಹೋಗಿ," ಎಂದರು ತಿಮ್ಮರಾಯಪ್ಪ.

ಬೆಲ್ ಹೊಡೆಯುತ್ತಲೇ ಹೋದಳು. ಏರು ಮುಗಿದು ಇಳಿಜಾರು ಬಂದಾಗ ಥ್ರಾಟಲ್ ಬಿಟ್ಟಳು. ಮೋಟರು ನಿಲ್ಲಲಿಲ್ಲ. ಒಂದೆರಡು ಗಳಿಗೆ ಎಳೆದು ನಿಲ್ಲುತ್ತದೆ ಎಂದುಕೊಂಡಳು. ನಿಲ್ಲುವ ಬದಲು ಗುಂಯ್ ಎನ್ನುವ ಸದ್ದು ಏರಿತು. ಎರಡೂ ಬ್ರೇಕು ಗಟ್ಟಿಯಾಗಿ ಅದುಮಿದಳು. ಕರ್ರೆಂದು ಕಿರುಚಿ ವೇಗ ತುಸು ತಗ್ಗಿತು, ಆದರೆ ಮೋಟರು ಬ್ರೇಕಿನ ವಿರುದ್ಧ ತಳ್ಳುತ್ತಲೇ ಇತ್ತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕೀ ಸೀಟಿನ ಕೆಳಗೆ. ಒಂದು ಕೈ ಬಿಟ್ಟು ಬಗ್ಗಿ ಹುಡುಕಿದಳು. ಹ್ಯಾಂಡಲ್ ಅಳ್ಳಾಡಿ ಬೀಳುವಂತಾಯಿತು. ಮತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ತಿರುವಿನಲ್ಲಿ ಮಂಜು ಸ್ವಲ್ಪ ಹರಿದಿತ್ತು. ರಸ್ತೆಯ ಮೇಲೆ ಅದು ನಿಂತಿತ್ತು. ಅದರ ಕಾಲುಗಳ ನಡುವೆ ಮರಿ.

ಕೆರೆಗೆ ಇಳಿದ ಹಿಂಡಿನಿಂದ ಇವೆರಡೂ ಹಿಂದುಳಿದಿದ್ದವು. ತಾಯಿಯ ಕಿವಿಗಳು ಅಗಲಕ್ಕೆ ತೆರೆದವು. ಮೇಘಶ್ರೀ ಯೋಚಿಸಲಿಲ್ಲ. ಹ್ಯಾಂಡಲನ್ನು ಎಡಕ್ಕೆ ಎಳೆದು ಲಂಟಾನ ಪೊದೆಯೊಳಗೆ ನುಗ್ಗಿಸಿದಳು. ಸೈಕಲ್ಲು ಪೊದೆಯಲ್ಲಿ ಸಿಕ್ಕಿಕೊಂಡಿತು, ಅವಳು ಅದರ ಮೇಲಿಂದ ಹಾರಿ ಆಚೆಯ ಮೋರಿಗೆ ಬಿದ್ದಳು. ಹೆಗಲಲ್ಲಿ ಏನೋ ಲಟಕ್ಕೆಂದಿತು. ಅರಚಬೇಕೆನಿಸಿದರೂ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮೇಲೆ ಚಕ್ರ ಇನ್ನೂ ತಿರುಗುತ್ತಿತ್ತು. ಇಡೀ ಕಾಡಿನಲ್ಲಿ ಅದೊಂದೇ ಸದ್ದು.

ಆನೆ ಆ ಸದ್ದಿನ ಕಡೆಗೇ ಬಂತು. ನೆಲ ಅದುರಿದ್ದು ಅವಳ ಕೆನ್ನೆಗೆ ತಿಳಿಯಿತು. ಮೋರಿಯ ಅಂಚಿನಲ್ಲಿ ಬೂದು ಬಣ್ಣದ ಕಾಲೊಂದು ಕಾಣಿಸಿತು, ಉಗುರಿನ ಸಂದಿಯ ಕೆಸರೂ ಕಾಣಿಸುವಷ್ಟು ಹತ್ತಿರ. ಒಮ್ಮೆ ಕಬ್ಬಿಣ ಮುರಿದ ಸದ್ದು. ಗುಂಯ್ ನಿಲ್ಲಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಆಮೇಲೆ ನಿಂತಿತು. ಆನೆ ಉಸಿರು ಬಿಡುವುದನ್ನು ಕೇಳಿಸಿಕೊಳ್ಳುತ್ತ ಅವಳು ಕಣ್ಣು ಮುಚ್ಚಿ ಮಲಗಿದ್ದಳು.

ಸದ್ದು ಕೇಳಿದ ತಿಮ್ಮರಾಯಪ್ಪ ಪಟಾಕಿ ಹಚ್ಚಿಕೊಂಡು ಬಂದು ಅವಳನ್ನು ಎತ್ತಿದಾಗ ತಾಯಿ ಮರಿ ಎರಡೂ ಹೋಗಿಬಿಟ್ಟಿದ್ದವು.

ಹೊಸೂರಿನ ಆಸ್ಪತ್ರೆಯಲ್ಲಿ ಭೈರೇಶ್ ಹೆಂಡತಿಯ ಮಂಚದ ಪಕ್ಕ ನಿಂತಿದ್ದ. ಅವಳ ಹೆಗಲ ಮೂಳೆ, ಎರಡು ಪಕ್ಕೆಲುಬು ಮುರಿದಿದ್ದವು. ಅವನು ಅವಳ ಕಾಲ ಬೆರಳುಗಳನ್ನು ಹಿಡಿದುಕೊಂಡು ಅತ್ತ.

"ಅಳಬ್ಯಾಡಿ, ಬದುಕಿದ್ದೀನಲ್ಲ," ಎಂದಳು ಮೇಘಶ್ರೀ. ಸ್ವಲ್ಪ ಸುಧಾರಿಸಿಕೊಂಡು, "ಇನ್ಯಾರಿಗಾದ್ರೂ ಹಿಂಗೇ ಮಾಡ್ಕೊಟ್ಟಿದ್ದೀರಾ?" ಎಂದು ಕೇಳಿದಳು.

ಅವನ ಕೈ ಸಡಿಲವಾಯಿತು. "ನಂದೀಶಂಗೆ."

"ಹೋಗಿ. ಈಗಲೇ ಹೋಗಿ."

ನಂದೀಶ ಕಾರ್ಖಾನೆಯಲ್ಲಿ ಭೈರೇಶನ ಜೊತೆಗಾರ. ಹೊಸೂರಿನ ಆಲಸನತ್ತಂನಲ್ಲಿ ಬಾಡಿಗೆ ಮನೆ. ಭೈರೇಶ್ ಹೋದಾಗ ಅವನು ಬಾಗಿಲ ಮುಂದೆ ಸೈಕಲ್ ತೊಳೆಯುತ್ತಿದ್ದ. ಪೈಪಿನಿಂದ ನೀರು ಹ್ಯಾಂಡಲಿನ ಮೇಲೆಯೇ ಸುರಿಯುತ್ತಿತ್ತು.

ಭೈರೇಶ್ ನಡೆದದ್ದನ್ನೆಲ್ಲ ಹೇಳಿದ. ನಂದೀಶ ಕೇಳಿ ಲೊಚಗುಟ್ಟಿದ. "ಪಾಪ ಮಗಾ, ಹಿಂಗಾಗಬಾರ್ದಿತ್ತು. ಆದ್ರೆ ನಂದು ಸೂಪರಾಗಿ ಓಡ್ತಾ ಐತೆ. ಇಲ್ಲಿ ಆನೆ ಎಲ್ಲಿಂದ ಬತ್ತದೆ?"

"ಆನೆ ಮಾತಲ್ಲ ಕಣ್ಲಾ! ನಿಲ್ಸೋಕಾಗಲ್ಲ ಅದನ್ನ. ಬ್ರೇಕ್ ವೈರ್ ನಾನೇ ಬಿಟ್ಬಿಟ್ಟಿದ್ದೀನಿ."

"ಬಿಡೋ, ಆಮೇಲೆ ನೋಡಾಣ."

ಭೈರೇಶ್ ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು, ಅವನು ತಡೆಯುವುದರೊಳಗೆ ಥ್ರಾಟಲ್ ವೈರನ್ನು ಕತ್ತರಿಸಿಬಿಟ್ಟ. ನಂದೀಶ ಅವನನ್ನು ಬೀದಿಗೆ ದಬ್ಬಿದ. ಅಕ್ಕಪಕ್ಕದವರು ಸೇರಿದರು. ತಮಿಳಿನಲ್ಲೂ ತೆಲುಗಿನಲ್ಲೂ ಸಮಾಧಾನ ಹೇಳಿ ಭೈರೇಶನನ್ನು ಕಳಿಸಿದರು.

ಮೇಘಶ್ರೀ ಮನೆಗೆ ಬಂದಳು. ಮೂಳೆ ಕೂಡುತ್ತಿತ್ತು, ಕೆಲಸಕ್ಕೆ ಬೇರೆ ನರ್ಸು ಬಂದಿದ್ದರು. ಭೈರೇಶ್ ಕಾರ್ಖಾನೆಗೆ ಮರಳಿದ ಬೆಳಿಗ್ಗೆ ಕಂಪನಿ ಬಸ್ಸು ಬೆಂಗಳೂರು ಹೆದ್ದಾರಿಯ ಸರ್ವೀಸ್ ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತಿತ್ತು. ಸಣ್ಣಗೆ ಮಳೆ. ಕಿಟಕಿಯ ಪಕ್ಕದಲ್ಲೇ ನಂದೀಶ ಅದೇ ಸೈಕಲ್ಲಿನಲ್ಲಿ ಬಂದು ನಿಂತ. ಹಿಂದೆ ಯೂನಿಫಾರ್ಮಿನಲ್ಲಿ ಅವನ ಮಗಳು, ಅಪ್ಪನ ಸೊಂಟ ತಬ್ಬಿ ಕೂತಿದ್ದಳು. ಕತ್ತರಿಸಿದ ವೈರಿಗೆ ಯಾರೋ ಗಂಟು ಹಾಕಿ ಕೊಟ್ಟಿದ್ದರು. ಗಂಟಿಗೆ ಟೇಪೂ ಇರಲಿಲ್ಲ.

ಭೈರೇಶ್ ಗಾಜು ಬಡಿದ. "ನಂದೀಶಾ! ಇಳೀಲಾ! ಮಗೂನ ಇಳಿಸೋ!"

ನಂದೀಶ ಇವನತ್ತ ನೋಡಿ ಮುಖ ತಿರುಗಿಸಿದ. ಮುಂದೆ ಸಾಲು ಲಾರಿಗಳು. ಹಸಿರು ದೀಪ ಬಂತು, ಸೈಕಲ್ಲು ಗುಂಯ್ ಎಂದು ಲಾರಿಗಳತ್ತ ಹೊರಟಿತು. ಭೈರೇಶ್ ಸೀಟಿನಿಂದ ಎದ್ದು, ನಿಂತವರನ್ನು ತಳ್ಳಿಕೊಂಡು, ಡ್ರೈವರನ್ನು ಕೂಗುತ್ತ ಬಾಗಿಲಿನ ಕಡೆ ಓಡಿದ. ಬಸ್ಸು ಆಗಲೇ ಹೊರಟಿತ್ತು.