ಮಳೆಗೆ ಮುಚ್ಚದ ಹೂವು

ಫುಲ್ಕ್ರಾನ್ ಸಾಯುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಕಿತ್ತು ತಂದ ಕಾರ್ದಾಬೆಲ್ ಹೂವು ಅವನ ಮನೆಯ ಬಾಗಿಲ ಮೇಲೆ ಇನ್ನೂ ಇತ್ತು. ತಟ್ಟೆಯಗಲದ ಮುಳ್ಳುಹೂವು ಅದು. ಲಾರ್ಜಾಕ್ ಎಂಬ ಆ ಕಲ್ಲುಬಯಲ ಸೀಮೆಯಲ್ಲಿ ಕುರಿ ಸಾಕುವವರು ಮನೆಬಾಗಿಲಿಗೆ ಅಂಥದೊಂದನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ಅದನ್ನು ಒಣಗಿಸುವುದರಲ್ಲಿ ಫುಲ್ಕ್ರಾನನದು ಎಲ್ಲಿಲ್ಲದ ಮಡಿ. ಬಿಸಿಲು ತಾಗಕೂಡದು, ಒಲೆಯ ಶಾಖವೂ ಕೂಡದು. ಕೊಟ್ಟಿಗೆಯ ಅಟ್ಟದ ನೆರಳಿನಲ್ಲಿ, ಎಲೆಗಳ ಮೇಲೆ ಚಪ್ಪಟೆ ಕಲ್ಲು ಹೇರಿ, ಹೂವಿನ ಮುಖ ಮೇಲಕ್ಕೆ ಮಾಡಿ ಇಡಬೇಕು. ಹಾಗೆ ಒಣಗಿದ ಹೂವು ಸತ್ತಮೇಲೂ ಹವೆ ಬಲ್ಲದು. ಒಣಹವೆಗೆ ಅರಳುತ್ತದೆ, ಮಳೆ ಬರುವ ಮೊದಲೇ ಮುದುಡಿಕೊಳ್ಳುತ್ತದೆ.

ಅವನನ್ನು ಮಣ್ಣು ಮಾಡಿದ ದಿನ ಅದು ಬೆಳಿಗ್ಗೆಯೇ ಮುದುಡಿತ್ತು, ಸಂಜೆ ಮಳೆ ಬಂತು. ಹೆಂಡತಿ ಓದೆತ್ ಅಳಲಿಲ್ಲ. ಊರಿನವರು ಕಲ್ಲೆದೆಯವಳು ಎಂದರು, ಅನ್ನಲಿ. ಅವಳಿಗೆ ಅವನು ಪೂರ್ತಿ ಹೋದ ಹಾಗೆ ಅನಿಸಿರಲೇ ಇಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆರೆದು ಹೂವನ್ನು ನೋಡುವಳು. ಕುರಿಗಳನ್ನು ದೂರಕ್ಕೆ ಹೊಡೆಯಬಹುದೇ, ಬಟ್ಟೆ ಒಗೆಯಬಹುದೇ ಎಂದು ಗಂಡನನ್ನೇ ಕೇಳಿದ ಹಾಗೆ ಕೇಳುವಳು. ಬಾಗಿಲ ಹಿಂದೆ ತೂಗುತ್ತಿದ್ದ ಅವನ ಮಳೆಕೋಟನ್ನು ಯಾರಿಗಾದರೂ ಕೊಡೋಣವೇ ಎಂದು ಸೊಸೆ ಮಿರೇಯ್ ಕೇಳಿದಾಗೆಲ್ಲ, ಇರಲಿ ಬಿಡು, ಬೇಕಾಗುತ್ತೆ ಎನ್ನುತ್ತಿದ್ದಳು. ಯಾರಿಗೆ ಬೇಕಾಗುತ್ತೆ ಎಂದು ಕೇಳುವ ಧೈರ್ಯ ಸೊಸೆಗೆ ಇರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಹೂವು ಅಗಲವಾಗಿ ಅರಳಿತ್ತು. ಓದೆತ್ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ಹಿತ್ತಿಲ ತಂತಿಗೆ ಹರವಿದಳು. ಊಟಕ್ಕೆ ಕೂರುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಅವಳು ಬಟ್ಟೆ ಬಾಚಿಕೊಂಡು, ನೆನೆದು ತೊಪ್ಪೆಯಾಗಿ ಬಾಗಿಲಿಗೆ ಬಂದರೆ ಹೂವು ಇನ್ನೂ ಅರಳಿಕೊಂಡೇ ಇತ್ತು.

"ನೀನೂ ಸುಳ್ಳು ಹೇಳೋಕೆ ಕಲಿತೆಯಾ, ಮುದುಕ?" ಎಂದು ಗದರಿಸಿ ಅದನ್ನು ಮುಟ್ಟಿದಳು. ಬೆರಳಿಗೆ ಗಾಜಿನಂಥ ನುಣುಪು ಸಿಕ್ಕಿತು.

ಹಿಂದೆ ನಿಂತಿದ್ದ ಮಿರೇಯ್ ಮುಖ ಅರಳಿತು. ಹೂವು ಉದುರಿಹೋಗುತ್ತಿದೆ ಎಂದು ಅತ್ತೆ ಕೊರಗುತ್ತಿದ್ದುದನ್ನು ಅವಳು ಕಂಡಿದ್ದಳು.

"ಮೊನ್ನೆ ನೀವು ಸಂತೆಗೆ ಹೋದಾಗ ವಾರ್ನಿಷ್ ಬಳಿದೆ ಅತ್ತೆ. ಇನ್ನು ಒಂದೆಸಳೂ ಉದುರಲ್ಲ. ಮಾವ ಇಟ್ಟ ಹಾಗೇ ಇರುತ್ತೆ, ಯಾವಾಗ್ಲೂ."

ವಾರ್ನಿಷ್ ಹೊದ್ದ ಹೂವು ಇನ್ನು ಯಾವ ಮಳೆಗೂ ಮುದುಡದು. ಓದೆತ್‌ಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳಿಗೆ ಸೊಸೆಯ ಬೆರಳುಗಳ ತುಂಬ ಮುಳ್ಳು ಗೀರಿದ ಗಾಯ ಕಂಡಿತು. ಒಂದೊಂದು ಎಸಳಿಗೂ ಕೈಯಾರೆ ಬಳಿದಿದ್ದಳು ಹುಚ್ಚು ಹುಡುಗಿ.

"ಚೆನ್ನಾಗಿ ಮಾಡಿದೀಯ ಕಣೆ," ಎಂದಳು. ಬಾಗಿಲ ಹಿಂದಿನ ಕೋಟನ್ನು ತೆಗೆದು ಮಡಿಸಿ ಅವಳ ಕೈಗಿಟ್ಟಳು. "ಇದನ್ನ ಯಾರಿಗಾದ್ರೂ ಕೊಟ್ಬಿಡು. ಮಾವ ಹೋಗ್ಬಿಟ್ರು."

ಆಮೇಲೆ ಹೊಸ್ತಿಲ ಮೇಲೆ ಕೂತು, ಮಳೆಯ ಕಡೆ ಮುಖ ಮಾಡಿಕೊಂಡು ಗಟ್ಟಿಯಾಗಿ ಅತ್ತಳು.