ಮೂರನೆಯ ಪ್ರಕಟಣೆ

"ಇದು ಎರಡನೆಯ ಪ್ರಕಟಣೆ," ಎಂದು ಫಾದರ್ ಮೈಕಿನಲ್ಲಿ ಓದಿದರು. ಇನ್ನಾಸಪ್ಪನ ಮಗ ಶೌರಿರಾಜನಿಗೂ ಮದ್ದೂರಿನ ಸ್ಟೆಲ್ಲಾಳಿಗೂ ಮದುವೆ ಗೊತ್ತಾಗಿದೆ, ಅಡ್ಡಿಯೇನಾದರೂ ತಿಳಿದವರು ಬಂದು ಹೇಳತಕ್ಕದ್ದು. ಹೀಗೆ ಮೂರು ಭಾನುವಾರ ಚರ್ಚಿನಲ್ಲಿ ಓದಿದ ಮೇಲೆಯೇ ಮದುವೆ. ಹೆಂಗಸರ ಸಾಲಿನಲ್ಲಿದ್ದ ಜಪಮಾಲಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಪಕ್ಕದಲ್ಲಿ ಕೂತಿದ್ದ ಮಗಳು ಸೌಮ್ಯ ತಲೆ ಎತ್ತಲಿಲ್ಲ.

ಬೆಂಕಿ ಬೀಳದೆ ಇನ್ನೇನು? ಎರಡು ವರ್ಷದ ಹಿಂದೆ ಇದೇ ಶೌರಿ ಸೌಮ್ಯಳನ್ನು ಮದುವೆಯಾಗಬೇಕಿತ್ತು. ಎಲೆ ಅಡಿಕೆ ಬದಲಾಯಿಸಿ, ಕೇರಿಗೆಲ್ಲ ಊಟ ಹಾಕಿಸಿದ್ದೂ ಆಗಿತ್ತು. ತಿಂಗಳು ತುಂಬುವುದರೊಳಗೆ ಹುಡುಗ ತಾನೇ ಮನೆಗೆ ಬಂದು, ನನಗೆ ಈ ಮದುವೆ ಬೇಡ ಅಂದ. ಯಾಕಪ್ಪಾ ಅಂದರೆ ನೆಲ ನೋಡಿಕೊಂಡು ನಿಂತ. ಗಂಡು ಬೇಡವೆಂದರೆ ಊರಿನ ಬಾಯಿ ಹುಡುಗಿಯ ಮೇಲೆ ತಾನೇ ಬೀಳುವುದು? ಏನೋ ಇರಬೇಕು, ಸುಮ್ಮಸುಮ್ಮನೆ ಯಾರಾದರೂ ಬಿಡುತ್ತಾರಾ ಅಂದರು. ಆಮೇಲೆ ಬಂದ ಸಂಬಂಧಗಳೆಲ್ಲ ಬಸ್‌ಸ್ಟಾಪಿನಿಂದಲೇ ವಾಪಸಾದವು. ಜಪಮಾಲಮ್ಮನೂ ಬಾಯಿ ಮುಚ್ಚಿಕೊಂಡಿರುವ ಪೈಕಿಯವಳಲ್ಲ. ಶೌರಿ ಎದುರಿಗೆ ಸಿಕ್ಕರೆ ಬೀದಿಗೆಲ್ಲ ಕೇಳುವಂತೆ ಶಾಪ ಹಾಕುವಳು. ಹಾಗೆ ಹಾಕಿದ್ದಕ್ಕೆ ಶನಿವಾರ ಫಾದರ್ ಬಳಿ ಪಾಪನಿವೇದನೆ ಮಾಡಿ, ಸೋಮವಾರ ಮತ್ತೆ ಶುರುಮಾಡುವಳು.

ಈಗ ದೇವರೇ ಕಳಿಸಿದ ಹಾಗೆ ಒಂದು ಸುದ್ದಿ ಅವಳ ಕೈಗೆ ಸಿಕ್ಕಿತ್ತು. ಪಕ್ಕದ ಮನೆ ಶಿವನಂಜಮ್ಮ ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಮಾತಿಗೆ ಮಾತು ಬಂದು, ಶೌರಿಯನ್ನು ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಎತ್ತಿಕೊಂಡು ಬಂದಿದ್ದರೆಂದೂ, ಬಾಯಲ್ಲಿ ನೊರೆ ಬರುತ್ತಿತ್ತೆಂದೂ, ಅದು ಮೂರ್ಛೆ ರೋಗವೆಂದೂ ಹೇಳಿಬಿಟ್ಟಳು. ದೇವರಿಗೆ ಇಂಥ ಸುದ್ದಿ ಸಾಗಿಸುವ ಕೆಲಸವೂ ಇರುತ್ತದೆಯೇ ಎಂದು ಜಪಮಾಲಮ್ಮ ಕೇಳಿಕೊಳ್ಳಲಿಲ್ಲ. ಡೈರಿಗೆ ಹಾಲು ಹಾಕಲು ಹೋದಾಗ, ಮೂರನೆಯ ಪ್ರಕಟಣೆ ಅದು ಹೆಂಗೆ ದಾಟುತ್ತದೋ ನಾನೂ ನೋಡುತ್ತೇನೆ ಎಂದು ನಾಲ್ಕು ಜನ ಕೇಳುವಂತೆ ಅಂದಳು. ಏನು ಎತ್ತ ಎಂದು ಮಾತ್ರ ಬಾಯಿ ಬಿಡಲಿಲ್ಲ.

ಶನಿವಾರ ಸಂಜೆ ಅವಳು ಒಳ್ಳೆಯ ಸೀರೆ ಉಟ್ಟು ಹೊರಟಿದ್ದಳು. ಅಷ್ಟರಲ್ಲಿ ಸೌಮ್ಯ ಗಾರ್ಮೆಂಟ್ಸ್‌ನಿಂದ ಬಂದು, ಎಲ್ಲಿಗವ್ವಾ ಎಂದು ಕೇಳಿದಳು.

"ಫಾದರ್ ತಾವ್ಕೆ. ಆ ಶೌರಿಗೆ ಮೂರ್ಛೆ ರೋಗ ಅದಂತೆ ಕಣವ್ವ. ಯಾರ ಮನೆ ಮಗಳೋ ಏನೋ, ಅವಳ ಬಾಳು ಆಳಾಗಬಾರ್ದಲ್ವಾ?"

ಸೌಮ್ಯ ಬ್ಯಾಗು ಇಳಿಸಿ ಹೊಸ್ತಿಲ ಮೇಲೆ ಕೂತಳು.

"ನಂಗೊತ್ತು," ಅಂದಳು. "ಎಲೆ ಅಡಿಕೆ ಆದ್ಮೇಲೆ ಅವ್ನೇ ಯೋಳ್ದ. ನಮ್ಮನೇರು ಯೋಳ್ಬ್ಯಾಡ ಅಂದವ್ರೆ, ನಿಂಗೆ ಮೋಸ ಮಾಡಕ್ಕಾಗಲ್ಲ ಅಂದ. ನಂಗೆ ಭಯ ಆಗೋಯ್ತು ಕಣವ್ವ. ನಾನು ಬ್ಯಾಡ ಅಂದ್ರೆ ನೀನು ಸುಮ್ಕೆ ಬುಡ್ತಿದ್ದಾ? ನೀನೇ ಬ್ಯಾಡ ಅಂದ್ಬುಡು ಅಂತ ನಾನೇ ಅವ್ನ ಕೇಳ್ಕೊಂಡೆ."

ಉಳಿದದ್ದನ್ನೂ ಅವಳು ಒಂದೊಂದಾಗಿ ಹೇಳಿದಳು. ಅವ್ವ ಶಾಪ ಹಾಕಿದಾಗೆಲ್ಲ ನಿಜ ಹೇಳಿಬಿಡಬೇಕು ಅನ್ನಿಸುತ್ತಿತ್ತು, ದಿನ ಹೋದಷ್ಟೂ ಬಾಯಿ ಬರಲಿಲ್ಲ. ಸ್ಟೆಲ್ಲಾ ಇವಳ ಜೊತೆಯಲ್ಲೇ ಹೊಲಿಗೆಗೆ ಕೂರುವವಳು. ಹೆಣ್ಣು ನೋಡಲು ಹೋದ ದಿನವೇ ಶೌರಿ ಅಲ್ಲಿ ಎಲ್ಲರ ಮುಂದೆ ತನ್ನ ಕಾಯಿಲೆ ಹೇಳಿದ್ದ. ಸ್ಟೆಲ್ಲಾಗೆ ಅವನ ಮಾತ್ರೆಯ ಹೆಸರು ಕೂಡ ಗೊತ್ತು. ನನಗಿಲ್ಲದ ಧೈರ್ಯ ಅವಳಿಗಿತ್ತು ಎಂದು ಸೌಮ್ಯ ಅತ್ತಳು.

ಜಪಮಾಲಮ್ಮನಿಗೆ ಮಗಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈಯೇ ಏಳಲಿಲ್ಲ. ನಿನ್ನ ಮನೆ ದೀಪ ಆರಿಹೋಗಲಿ ಎಂದು ತಾನು ಕೂಗಿದ್ದು, ಅವನು ಸೈಕಲ್ ಇಳಿದು ತಲೆ ಬಗ್ಗಿಸಿಕೊಂಡು ಓರೆಯಾಗಿ ಹೋಗಿದ್ದು ನೆನಪಾಯಿತು. ಅಯ್ಯೋ, ಆ ಹುಡುಗ ಒಂದು ಸಲವಾದರೂ ತಿರುಗಿ ಒಂದು ಮಾತು ಆಡಬಾರದಿತ್ತೇ. ಅವಳು ಸೀರೆ ಬದಲಾಯಿಸಿ ಒಲೆ ಹಚ್ಚಿದಳು.

ಭಾನುವಾರದ ಪೂಜೆಗೆ ಜನವೋ ಜನ. ಯಾವಾಗಲೂ ಬಾಗಿಲಾಚೆ ಬೀಡಿ ಸೇದುತ್ತಾ ನಿಲ್ಲುವ ಗಂಡಸರು ಕೂಡ ಒಳಗೆ ಬಂದು ಜಾಗ ಹಿಡಿದಿದ್ದರು. ಫಾದರ್ ಮೂರನೆಯ ಪ್ರಕಟಣೆ ಓದಿ, ಅಡ್ಡಿ ತಿಳಿದವರು ಹೇಳತಕ್ಕದ್ದು ಎಂದು ನಿಲ್ಲಿಸಿದರು. ಎಲ್ಲರ ಕತ್ತೂ ಒಂದೇ ಕಡೆಗೆ ತಿರುಗಿತು.

ಜಪಮಾಲಮ್ಮ ಎದ್ದು ನಿಂತಳು. ಪಕ್ಕದಲ್ಲಿ ಸೌಮ್ಯ ಮುದುಡಿಕೊಂಡದ್ದು ಅವಳ ತೊಡೆಗೆ ತಾಗಿತು.

"ಅಡ್ಡಿ ಏನಿಲ್ಲ ಸ್ವಾಮಿ," ಅಂದಳು. "ಎರಡು ವರ್ಸದಿಂದ ನನ್ನ ತಪ್ಪು ಮುಚ್ಚಾಕಕ್ಕೆ ಆ ಹುಡುಗನ್ನ ಬಾಯಿಗೆ ಬಂದಂಗೆ ಬೈದಿವ್ನಿ. ನಮ್ಮ ಸೌಮ್ಯನ ಬ್ಯಾಡ ಅಂದೋನು ಅವ್ನಲ್ಲ. ಆ ಸಂಬಂಧ ಬ್ಯಾಡ ಅಂದೋಳು ನಾನು. ಅವ್ನ ಕೈಲಿ ಅಂಗನ್ನಿಸ್ದೋಳೂ ನಾನೇ. ನನ್ನ ಮಗಳಿಗೆ ಇದೊಂದೂ ಗೊತ್ತಿಲ್ಲ."

ಬಲಿಪೀಠದ ಎದುರು ಅವಳು ಸುಳ್ಳು ಹೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಥೂ, ಹೆತ್ತವಳಾ ಇವಳು ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಅಂದದ್ದು ಚೆನ್ನಾಗಿಯೇ ಕೇಳಿಸಿತು. ಗಂಡಸರ ಕಡೆ ಶೌರಿ ದಡಕ್ಕನೆ ಎದ್ದು ಏನೋ ಹೇಳಲು ಬಾಯಿ ತೆರೆದ. ಜಪಮಾಲಮ್ಮ ಅವನನ್ನು ಬೀದಿಯಲ್ಲಿ ನೋಡುತ್ತಿದ್ದ ಹಾಗೆಯೇ ಕಣ್ಣು ಬಿಟ್ಟು ನೋಡಿದಳು. ಅವನು ಕೂತುಕೊಂಡ.

ಫಾದರ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಪ್ರಾರ್ಥಿಸೋಣ, ಎಲ್ಲರೂ ಎದ್ದು ನಿಲ್ಲಿ ಎಂದರು. ಬೆಂಚುಗಳು ಸದ್ದು ಮಾಡಿದವು. ಜಪಮಾಲಮ್ಮ ಮೊದಲೇ ನಿಂತಿದ್ದಳು. ಸೌಮ್ಯ ಎದ್ದು, ಅವ್ವನ ಹೆಗಲಿಗೆ ಜಾರಿದ್ದ ಸೆರಗನ್ನು ಮೆಲ್ಲಗೆ ತಲೆಯ ಮೇಲಕ್ಕೆ ಎಳೆದು ಹೊದಿಸಿದಳು.