ಕೂಲಿ ಹಿಡಿದ ಲೆಕ್ಕ

ನಮ್ಮ ಮಾವ ಮಡಿವಾಳೆಪ್ಪನವರ ಲೆಕ್ಕ ತಪ್ಪಿದ್ದನ್ನು ಕಿತ್ತೂರಿನಲ್ಲಿ ಯಾರೂ ಕಂಡಿರಲಿಲ್ಲ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಆ ಭಾಗ್ಯ ನನಗೆ ಬಂತು. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಹೆದ್ದಾರಿ ಅಗಲ ಮಾಡುವಾಗ ಅತ್ತೆ ಗುರವ್ವನವರ ಹೊಲದ ಒಂದು ಅಂಚು ಹೋಯಿತು. ತವರಿನವರು ಅರಿಷಿಣ-ಕುಂಕುಮಕ್ಕೆಂದು ಕೊಟ್ಟ ಹೊಲವದು. ಪರಿಹಾರದ ಒಂದು ಲಕ್ಷ ಇಪ್ಪತ್ತು ಸಾವಿರ ಅವರ ಹೆಸರಿಗೇ ಬಂತು. ಹೆಸರು ಅತ್ತೆಯದು, ಯೋಚನೆ ಮಾತ್ರ ಮಾವನದು! ಆರು ಎಮ್ಮೆ ತರುವುದು, ಕೊಟ್ಟಿಗೆ ಕಟ್ಟಿಸುವುದು, ಡೇರಿಗೆ ಹಾಲು ಹಾಕುವುದು ಎಂದು ಊಟಕ್ಕೆ ಕೂತಾಗ ಸಾರಿಬಿಟ್ಟರು.

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಮನೆಯಲ್ಲಿದ್ದ ಎರಡು ಎಮ್ಮೆಗಳಿಗೇ ಅವರ ಮೊಣಕಾಲು ಸವೆದಿದ್ದವು. ಐವತ್ತೆಂಟರ ವಯಸ್ಸಿನಲ್ಲಿ ಮತ್ತೆ ಆರು ಬಂದರೆ ಅವರ ಜೀವ ಕೊಟ್ಟಿಗೆಯಲ್ಲೇ ಮುಗಿದಂತೆ. ಅವರಿಗೆ ಬೇಕಾಗಿದ್ದು ಹಿಟ್ಟಿನ ಗಿರಣಿ, ಜೊತೆಗೆ ಖಾರ ಕುಟ್ಟುವ ಯಂತ್ರ. ಒಲೆಯ ಮುಂದೆ ನನಗೆ ಹೇಳಿದ್ದರು, ಗಂಡನ ಮುಂದೆ ಹೇಳುವ ಧೈರ್ಯ ಅವರಿಗಿರಲಿಲ್ಲ. ನನಗಿತ್ತು.

"ಗಿರಣಿ ಹಾಕಿದ್ರ ಹೆಂಗ್ರೀ ಮಾವಾರ?" ಅಂದೆ.

ಮಾವ ನಕ್ಕರು. "ರಾಜೇಶ್ವರಿ, ಬೈಲಹೊಂಗಲದಾಗ ಬಿ.ಕಾಂ. ಓದಿ ಬಂದಾಕಿ ನೀ. ಲೆಕ್ಕಾ ಮಾಡಿ ತೋರ್ಸು. ಯಾವುದಕ್ಕ ಹೆಚ್ಚು ಬೀಳತೈತೋ ಅದಕ್ಕ ದುಡ್ಡು. ಮಾತಂದ್ರ ಮಾತು."

ನಮ್ಮ ಕಡೆ ವರ್ಷಕ್ಕೆ ಶೇಕಡಾ ಇಷ್ಟು ಎಂದರೆ ಯಾರ ತಲೆಗೂ ಹತ್ತುವುದಿಲ್ಲ. ತಿಂಗಳಿಗೆ ನೂರಕ್ಕೆ ಎಷ್ಟು ಬಿತ್ತು, ಅದೊಂದೇ ಅಳತೆ. ಹಾಗಾಗಿ ಎಲ್ಲವನ್ನೂ ಆ ಅಳತೆಗೇ ಇಳಿಸಿದೆ. ಬ್ಯಾಂಕಿನ ಠೇವಣಿ ವರ್ಷಕ್ಕೆ ಒಂಬತ್ತು, ಅಂದರೆ ನೂರಕ್ಕೆ ಮುಕ್ಕಾಲು ರೂಪಾಯಿ. ಎಮ್ಮೆಯ ಮೇವು, ಹಿಂಡಿ, ಔಷಧ ಕಳೆದು ತಿಂಗಳಿಗೆ ನಾಲ್ಕು ಸಾವಿರದ ಎಂಟುನೂರು, ನೂರಕ್ಕೆ ನಾಲ್ಕು. ಹಾಕಿದ ದುಡ್ಡು ಇಪ್ಪತ್ತೈದು ತಿಂಗಳಲ್ಲಿ ವಾಪಸು. ಗಿರಣಿಯ ಕರೆಂಟು, ಬಾಡಿಗೆ, ರಿಪೇರಿ ಕಳೆದು ನಾಲ್ಕು ಸಾವಿರದ ಇನ್ನೂರು, ನೂರಕ್ಕೆ ಮೂರೂವರೆ. ವಾಪಸು ಬರಲು ಇಪ್ಪತ್ತೊಂಬತ್ತು ತಿಂಗಳು.

"ನಾಲ್ಕು ದೊಡ್ಡದೋ, ಮೂರೂವರಿ ದೊಡ್ಡದೋ?" ಎಂದು ಮಾವ ತೊಡೆ ತಟ್ಟಿದರು.

ನನ್ನ ಗಂಡ ಶ್ರೀಶೈಲ, "ಆತು ಬಿಡು, ಎಮ್ಮಿ ಗೆದ್ವು" ಅಂದ. ನನ್ನ ಮೋರೆ ಸಣ್ಣದಾಯಿತು. ಅಷ್ಟರಲ್ಲಿ ಹಾಲು ಹಿಂಡುವ ಹೊತ್ತಾಗಿತ್ತು, ಅತ್ತೆ ಗೋಡೆ ಹಿಡಿದು ಎದ್ದರು. ಆಗ ಹೊಳೆಯಿತು. ಖರ್ಚಿನಲ್ಲಿ ಮೇವಿತ್ತು, ಹಿಂಡಿಯಿತ್ತು, ದನದ ಡಾಕ್ಟರೂ ಇದ್ದ. ಅತ್ತೆ ಇರಲಿಲ್ಲ. ಅವರ ಜೊತೆ ಸೆಗಣಿ ಬಾಚಬೇಕಾದ ನಾನೂ ಇರಲಿಲ್ಲ. ಬಿ.ಕಾಂ. ಓದಿದ ಜಾಣೆ ನನ್ನನ್ನೇ ಬಿಟ್ಟು ಲೆಕ್ಕ ಹಾಕಿದ್ದೆ!

"ನಿಂದರ್ರಿ ಮಾವಾರ. ಕೂಲಿ ಹಿಡದಿಲ್ಲ. ದಿನಕ್ಕ ನಲವತ್ತರಂಗ ತಿಂಗಳಿಗಿ ಒಬ್ಬಾಕಿಗಿ ಸಾವಿರದ ಇನ್ನೂರು, ಅಂದ್ರ ನೂರಕ್ಕ ಒಂದು ರೂಪಾಯಿ. ಎಮ್ಮಿಗೆ ಇಬ್ಬರು ಬೇಕು, ಉಳಿಯೂದು ಎರಡು. ಗಿರಣಿಗೆ ಒಬ್ಬಾಕಿ ಸಾಕು, ಎರಡೂವರಿ."

"ಮನ್ಯಾನ ಹೆಣಮಕ್ಕಳಿಗೆ ಎಲ್ಲೀ ಕೂಲಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಾಗಿಲಲ್ಲಿ ತಿರುಗಿ ನಿಂತರು. "ಮಂದಿ ಹೊಲಕ್ಕ ಹೋದ್ರ ನಲವತ್ತು ಕೊಡತಾರ್ರಿ. ಇಲ್ಲಿ ಪುಗಸಟ್ಟೆ ಅಂದ್ರ, ನಾಳಿ ಒಂದ ದಿನ ನೀವ ಮಾಡ್ರಿ." ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಗಂಡನಿಗೆ ಹಾಗೆ ಉತ್ತರ ಕೊಟ್ಟದ್ದು ಅದೇ ಮೊದಲಂತೆ.

ಮಾವ ಹಟದ ಮನುಷ್ಯ, ಒಪ್ಪಿದರು. ಮರುದಿನ ಬೆಳಿಗ್ಗೆ ಧೋತರ ಎತ್ತಿ ಕಟ್ಟಿ ಕೊಟ್ಟಿಗೆಗೆ ಇಳಿದರು. ಒಂದು ಎಮ್ಮೆ ಚರಿಗೆಯನ್ನೇ ಒದ್ದಿತು. ಇನ್ನೊಂದು ಹೊಸ ಕೈಗೆ ಹಾಲು ಇಳಿಸಲೇ ಇಲ್ಲ. ಸೆಗಣಿ ಬಾಚಿ, ಕುಳ್ಳು ತಟ್ಟಿ, ಮೇವು ಹೊತ್ತು ತರುವಷ್ಟರಲ್ಲಿ ಒಂಬತ್ತಾಯಿತು. ಸೊಂಟ ಹಿಡಿದು ಕಟ್ಟೆಯ ಮೇಲೆ ಕೂತರು. ಅತ್ತೆ ಚಹಾ ಕೊಟ್ಟು ನಗು ತಡೆಯಲು ಒಳಗೆ ಓಡಿದರು.

"ಈ ಕೆಲಸಕ್ಕ ನಲವತ್ತಕ್ಕ ಯಾವ ಹುಚ್ಚ ಬರತಾನ?" ಎಂದರು ಮಾವ ಕೊನೆಗೆ. "ಐವತ್ತು ಹಿಡಿ."

ಪೆನ್ಸಿಲು ಅವರೇ ಇಸಿದುಕೊಂಡರು. ಐವತ್ತು ಹಿಡಿದರೆ ಎಮ್ಮೆಗೆ ನೂರಕ್ಕೆ ಒಂದೂವರೆ, ಗಿರಣಿಗೆ ಎರಡೂಕಾಲು. ಎಮ್ಮೆಯ ದುಡ್ಡು ವಾಪಸಾಗಲು ಐದೂವರೆ ವರ್ಷದ ಮೇಲೆ, ಗಿರಣಿಯದು ನಾಲ್ಕು ವರ್ಷದೊಳಗೆ. ಎರಡೆರಡು ಸಲ ಭಾಗಿಸಿ ನೋಡಿ ಪೆನ್ಸಿಲು ಕೆಳಗಿಟ್ಟರು.

"ಗಿರಣಿ" ಅಂದರು. ನಾನು ಕುಣಿಯುವುದೊಂದು ಬಾಕಿ!

ಬಸ್‌ಸ್ಟ್ಯಾಂಡಿನ ಹಿಂದೆ ಮಳಿಗೆ ಸಿಕ್ಕಿತು. ಕುರ್ಚಿಯ ಮೇಲೆ ಕೂತು ಅತ್ತೆ ಊರಿನ ಜೋಳವನ್ನೆಲ್ಲ ಬೀಸತೊಡಗಿದರು. ಮೊದಲ ತಿಂಗಳು ಅಂದುಕೊಂಡಷ್ಟು ಬರಲಿಲ್ಲ, ಮೂರು ಸಾವಿರದ ಆರುನೂರು ಉಳಿಯಿತು. ಮಾವ ಗಿರಣಿಗೆ ಬಂದು ಮೆಲ್ಲಗೆ ಅಂದರು: "ಈ ಸಲ ಕಡಿಮಿ ಬಿದ್ದೈತಿ. ನಿನ್ನ ಕೂಲಿ ಮುಂದಿನ ತಿಂಗಳ ನೋಡೂಣು."

ಅತ್ತೆ ಯಂತ್ರ ಬಂದ್ ಮಾಡಿದರು. ಚೀಲ ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ಮಾತು ಕೇಳುವಂತಾಯಿತು.

"ಕಡಿಮಿ ಬಿದ್ರ ಲಾಭ ಕಡಿಮಿ ಆಗಲ್ರಿ, ನನ್ನ ಕೂಲಿ ಯಾಕ? ಕರೆಂಟಿನವರಿಗೆ ಮುಂದಿನ ತಿಂಗಳ ಬರ್ರಿ ಅಂತೀರೇನು?"

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಹಿಟ್ಟು ಮೆತ್ತಿದ ಕೈ ಚಾಚಿಯೇ ಇತ್ತು. ಮಾವ ಜೇಬಿಗೆ ಕೈ ಹಾಕಿ ಒಂದೂವರೆ ಸಾವಿರ ಎಣಿಸಿ ಕೊಟ್ಟರು. ಅತ್ತೆ ಇನ್ನೊಮ್ಮೆ ಎಣಿಸಿದರು. ಒಂದು ನೋಟು ಹರಿದಿತ್ತು.

"ಇದನ್ನ ಬದಲಿ ಮಾಡಿ ಕೊಡ್ರಿ" ಅಂದರು.